ವಾರ್ಷಿಕ ವರದಿಯ ಎಂಟು ನಲ್ಲಿಗಳು

ಡೊಂಬಿವಲಿ (ಪೂರ್ವ)
ಸೋಮವಾರ, ೨೨ ಜೂನ್ ೧೯೮೧

ಪ್ರೀತಿಯ ಅಪ್ಪಾ,

ರತ್ನಾಗಿರಿಯ ಮಳೆಗೆ ನಿಮ್ಮ ಮಂಡಿನೋವು ಹೇಗಿದೆ? ಅಮ್ಮ ಕಳಿಸಿದ ಎಣ್ಣೆ ಹಚ್ಚುತ್ತೀರೋ, ಇಲ್ಲ ಕಪಾಟಿನ ಕಾವಲಿಗೆ ಇಟ್ಟಿದ್ದೀರೋ? ನಾವಿಬ್ಬರೂ ಸೌಖ್ಯ. ನನ್ನ ಕಾಲಂತೂ ನೆಲದ ಮೇಲೆ ನಿಲ್ಲುತ್ತಿಲ್ಲ. ನಮ್ಮ ಕೊಳೆಗೇರಿ ಸುಧಾರಣಾ ಮಂಡಳಿಯ ಈ ವರ್ಷದ ಲೆಕ್ಕಪತ್ರದ ವರದಿಯನ್ನು ನನ್ನ ಕೈಗೇ ಕೊಟ್ಟಿದ್ದಾರೆ! ರತ್ನಾಗಿರಿಗೆ ವರ್ಗವಾಗುವ ಮೊದಲು ನೀವು ಹದಿನೆಂಟು ವರ್ಷ ಓವರ್‌ಸೀಯರ್ ಆಗಿದ್ದ ಠಾಣೆಯ ಅದೇ ಕಚೇರಿಯಲ್ಲಿ, ಸೇರಿ ಎರಡು ವರ್ಷವೂ ತುಂಬದ ನಿಮ್ಮ ಮಗಳು 'ತಯಾರಿಸಿದವರು' ಎಂಬಲ್ಲಿ ಸಹಿ ಹಾಕುತ್ತಾಳೆ. ಜೂನ್ ಮೂವತ್ತರೊಳಗೆ ಅದು ಸರ್ಕಾರಕ್ಕೆ ಮುಟ್ಟಬೇಕು.

ಈ ಸಲ ಹೊಸ ನಮೂನೆ ಬಂದಿದೆ. ಖರ್ಚು ಬರೆದರೆ ಸಾಲದು, ಆ ಹಣದಲ್ಲಿ ಕಟ್ಟಿದ್ದೇನು, ಅದು ಈಗ ಹೇಗಿದೆ ಎಂದೂ ಬರೆಯಬೇಕು. ಹಳೆಯ ಪಟ್ಟಿ ನಕಲು ಮಾಡುವಾಗ 'ಕಳವಾ ಕೊಳೆಗೇರಿ ಗಲ್ಲಿ, ಎಂಟು ನಲ್ಲಿಗಳು, ಮಾರ್ಚ್ ೧೯೭೯, ಕಾಮಗಾರಿ ಪೂರ್ಣ' ಎಂದು ಕಂಡಿತು. ನಮ್ಮ ಕಚೇರಿ ಗುಡಿಸುವ ಗುಲ್ಬರ್ಗದ ಮರಗಮ್ಮ ಅದೇ ಗಲ್ಲಿಯವಳು. ನೀರು ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದೆ. "ನಳ ಎಲ್ಲದ ಅಕ್ಕಾ? ತೆಗ್ಗ ತೋಡಿ ಹ್ವಾದ್ರು, ಅಷ್ಟೇ" ಎಂದಳು. ನಿನ್ನೆ ಅವಳ ಜೊತೆ ಹೋಗಿ ನೋಡಿದೆ. ಗುಂಡಿಗಳಲ್ಲಿ ಮಳೆನೀರು ನಿಂತಿದೆ. ಹೆಂಗಸರು ಕೊಡ ಹೊತ್ತು ರೈಲು ಹಳಿ ದಾಟಿ ನೀರು ತರುತ್ತಾರೆ. ಮರಗಮ್ಮನ ಸೊಸೆ ಹಳಿಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

ಹೆಡ್‌ಕ್ಲಾರ್ಕ್ ರಮಾಕಾಂತರು ಸಮಾಧಾನ ಹೇಳಿದರು. ಅನುದಾನ ವಾಪಸ್ ಹೋಗದಿರಲಿ ಎಂದು ಮಾರ್ಚ್ ಕೊನೆಗೆ ಎಲ್ಲರೂ ಮೊದಲೇ 'ಪೂರ್ಣ' ಎಂದು ಬರೆದುಬಿಡುತ್ತಾರಂತೆ, ಕೆಲಸ ಆಮೇಲೆ ಆಗುತ್ತದಂತೆ. ಇದೊಂದು ಆಗದೆ ಉಳಿಯಿತಂತೆ. "ಜಾವೂ ದೇ, ಬಿಟ್ಟುಬಿಡು, ಹಿಂದಿನ ಸಾಲೇ ಬರೆದುಬಿಡು. ನಿನ್ನ ನೌಕರಿ ಇನ್ನೂ ಪಕ್ಕಾ ಆಗಿಲ್ಲ" ಎಂದರು. ನಾನು ಕೇಳಲಿಲ್ಲ. ಇವತ್ತು 'ನಲ್ಲಿಗಳು ಇಲ್ಲ' ಎಂದು ಬರೆದು ಸಹಿ ಹಾಕಿದೆ! ಎಷ್ಟು ಖುಷಿಯಾಯಿತೆಂದರೆ ಸಂಜೆಯ ಕಲ್ಯಾಣ್ ಲೋಕಲ್ಲಿನ ನೂಕುನುಗ್ಗಲೂ ಗೊತ್ತಾಗಲಿಲ್ಲ. ಸರ್ಕಾರ ಓದಿದರೆ ಆ ಗಲ್ಲಿಗೆ ನೀರು ಬಂದೇ ಬರುತ್ತದೆ. ನಮ್ಮ ಕಚೇರಿಯ ಸಾಹೇಬರು ಆಧಾರಕ್ಕೆ ಹಳೆಯ ಕಡತ ಲಗತ್ತಿಸಲು ಹೇಳಿದ್ದಾರೆ, ಅದು ನಾಳೆ ಸಿಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಅಮ್ಮ ಹೇಳಿದ್ದಾಳೆ. ನನ್ನ ತಲೆ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮಗಳು,
ಬಾಗಿ

ತಾ.ಕ.: ಮಂಗಳವಾರ, ಕಚೇರಿಯಿಂದ, ಅವಸರದಲ್ಲಿ. ಕಡತ ಬಂತು. 'ಕಾಮಗಾರಿ ಪೂರ್ಣ' ಎಂಬ ಪ್ರಮಾಣಪತ್ರದ ಕೆಳಗಿರುವುದು ನಿಮ್ಮ ಸಹಿ, ಅಪ್ಪಾ. ನೀವು ಒಂದು ಪೈಸೆ ಮುಟ್ಟಿದವರಲ್ಲ ಎಂದು ಗೊತ್ತು. ಡಿಸೆಂಬರಿಗೆ ನಿಮ್ಮ ನಿವೃತ್ತಿ ಎಂಬುದೂ ಗೊತ್ತು. ಮತ್ತೆ ಬರೆಯಲೆಂದು ರಮಾಕಾಂತರು ನನ್ನ ಮುಂದೆ ಹೊಸ ಹಾಳೆ ಇಟ್ಟು ಹೊರಗೆ ಹೋದರು. ಅರ್ಧ ಗಂಟೆ ಕೂತು ಅತ್ತೆ. ಬರೆದದ್ದನ್ನು ಬದಲಿಸುವುದಿಲ್ಲ. ವರದಿ ಬರುವ ಸೋಮವಾರ ಸಂಜೆ ಹೋಗುತ್ತದೆ. ಶನಿವಾರದ ಎಸ್.ಟಿ. ಬಸ್ಸು ಹಿಡಿದು ಬನ್ನಿ, ಸೋಮವಾರ ಬೆಳಿಗ್ಗೆಯೇ ನಡೆದದ್ದನ್ನು ಸಾಹೇಬರಿಗೆ ನೀವಾಗಿಯೇ ಹೇಳಿ. ನಾನು ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ.