ಹೋಲಿಕೆಯ ನಕ್ಷತ್ರ

ದೂರದರ್ಶಕದ ಬೆಟ್ಟ,
ಏಪ್ರಿಲ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಬೆನ್ನು ನೋವು ಹೇಗಿದೆ? ಬೇಡವೆಂದರೂ ಮುದ್ರಣಾಲಯದಲ್ಲಿ ಕಾಗದದ ಕಟ್ಟುಗಳನ್ನು ನೀನೇ ಎತ್ತುತ್ತಿರುತ್ತೀ. ನಿನಗೆ ಬುದ್ಧಿ ಹೇಳಲು ನಾನ್ಯಾರು. ಈ ವಾರ ನನ್ನ ಬುದ್ಧಿಯ ಕಥೆಯನ್ನೇ ಕೇಳು.

ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ನಮ್ಮ ಮುಖ್ಯಸ್ಥೆ, ನಾವು ಈಗ ನೋಡುತ್ತಿರುವ ಧೂಮಕೇತುವಿನ ಧೂಳಿನಲ್ಲಿ ಕಲ್ಲಿನ ಪುಡಿಯಿದೆ, ಅದೂ ಬೆಂದು ಹರಳುಗಟ್ಟಿದ ಪುಡಿ ಎಂದು ಹೋದ ತಿಂಗಳು ಸಭೆಯಲ್ಲಿ ಹೇಳಿದ್ದರು. ಅವರ ಅತಿಗೆಂಪು ದೂರದರ್ಶಕದ ಅಳತೆಗಳನ್ನೇ ಇಟ್ಟುಕೊಂಡು ನಾನು ಮತ್ತೆ ಲೆಕ್ಕ ಹಾಕಿದೆ. ಕಲ್ಲಿನ ಸುಳಿವೇ ಇಲ್ಲ. ರಕ್ತ ಕುದಿಯಿತು. ಜನರಿಗೆ ಸುಳ್ಳು ಹೇಳುವ ವಿಜ್ಞಾನ ಯಾರಿಗೆ ಬೇಕು ಎಂದು ಒಂದು ಪುಟದ ಕರಪತ್ರ ಬರೆದು ಊಟದ ಕೋಣೆಯ ಗೋಡೆಗೆ ಅಂಟಿಸಿದೆ. ‘ಹಿರಿತನ ಪುರಾವೆಯಲ್ಲ’ ಎಂಬುದು ತಲೆಬರಹ. ಅಕ್ಕಾ, ತಲೆಬರಹ ಈಗಲೂ ಸರಿಯಾಗಿಯೇ ಇದೆ. ಕೆಳಗಿನದ್ದೆಲ್ಲ ತಪ್ಪು.

ಎರಡು ದಿನ ನನ್ನ ಪಕ್ಕ ಯಾರೂ ಕೂರಲಿಲ್ಲ. ಮೂರನೆಯ ದಿನ ದೊಡ್ಡಮ್ಮನೇ ತಟ್ಟೆ ಹಿಡಿದು ಬಂದು, “ನಿನ್ನ ಹೋಲಿಕೆ ನಕ್ಷತ್ರ ಯಾವ್ದಮ್ಮಾ?” ಎಂದಷ್ಟೇ ಕೇಳಿದರು. ನೆಲದಿಂದ ನೋಡುವ ನಮಗೆ ನಡುವಿನ ಗಾಳಿಯೇ ಶತ್ರು. ಧೂಮಕೇತುವಿನ ಶಾಖದ ಬೆಳಕನ್ನು ಅದು ಅಲ್ಲಲ್ಲಿ ನುಂಗಿಬಿಡುತ್ತದೆ. ಎಷ್ಟು ನುಂಗಿತೆಂದು ತಿಳಿಯಲು ಹತ್ತಿರದ ಸಾದಾ ನಕ್ಷತ್ರವೊಂದನ್ನೂ ಅಳೆದು, ಧೂಮಕೇತುವಿನ ಅಳತೆಯನ್ನು ಅದರಿಂದ ಭಾಗಿಸಬೇಕು. ಧೂಮಕೇತುವನ್ನು ಅಳೆದ ರಾತ್ರಿ ಅಂಥ ಎರಡು ನಕ್ಷತ್ರಗಳನ್ನು ಅಳೆದಿದ್ದರು. ಹೆಚ್ಚು ಹೊಳೆಯುವುದನ್ನು ನಾನು ಆರಿಸಿಕೊಂಡಿದ್ದೆ. ಅದೋ ಮುದಿ ನಕ್ಷತ್ರ, ತನ್ನದೇ ಕಲ್ಲಿನ ಧೂಳು ಹೊದ್ದು ಕೂತಿದೆ. ಧೂಳನ್ನು ಧೂಳಿನಿಂದ ಭಾಗಿಸಿದರೆ ಏನು ಉಳಿದೀತು? ಕಲ್ಲನ್ನು ಅಳಿಸಿದವಳು ನಾನೇ.

ಇನ್ನೊಂದು ನಕ್ಷತ್ರವಿಟ್ಟು ಲೆಕ್ಕ ಹಾಕಿದಾಗ ನಕ್ಷೆಯ ಗೆರೆಯ ಮೇಲೆ ಹರಳಿನ ಗುರುತು ಗೂನಿನ ಹಾಗೆ ಎದ್ದಿತು. ನಾಚಿಕೆಯಾಯಿತು, ನಿಜ. ಅದಕ್ಕೂ ಮೊದಲು ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು: ಅವರು ಸುಳ್ಳು ಹೇಳಿರಲಿಲ್ಲ. ಅವರನ್ನು ನಾನು ದ್ವೇಷಿಸಬೇಕಾಗಿಲ್ಲ. ಕೆಲಸದಿಂದ ತೆಗೆಯುತ್ತೀರಾ ಎಂದು ಕೇಳಿದೆ. “ತೆಗೆದ್ರೆ ನನ್ನ ಲೆಕ್ಕಾನ ಇಷ್ಟು ಹಠದಿಂದ ಇನ್ಯಾರು ನೋಡ್ತಾರೆ? ಮುಂದಿನ ಸಲ ಮೊದ್ಲು ನನ್ನ ಬಾಗ್ಲು ಬಡಿ, ಆಮೇಲೆ ಬೇಕಾದ್ರೆ ಊರೆಲ್ಲಾ ಕೂಗು,” ಎಂದರು. ಕರಪತ್ರ ಕೀಳಲು ಬಿಡಲಿಲ್ಲ. ಪಕ್ಕದಲ್ಲೇ ತಿದ್ದುಪಡಿ ಅಂಟಿಸಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ. ಪುಟ್ಟಿಯ ಕೆನ್ನೆಗೆ ಎರಡು ಮುತ್ತು.

ನಿನ್ನ ಜಗಳಗಂಟಿ ತಂಗಿ

ಅವಸರದಲ್ಲಿ: ಐನೂರು ಪ್ರತಿ ಅಚ್ಚು ಹಾಕು ಎಂದು ಹೋದ ವಾರ ನಿನಗೆ ಕಳಿಸಿದ್ದು ಇದೇ ಕರಪತ್ರ. ಯಂತ್ರ ನಿಲ್ಲಿಸು. ಅಚ್ಚಾಗಿದ್ದರೆ ಸುಡಬೇಡ; ಹಿಂಬದಿಯಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ‘ತಪ್ಪು ಲೆಕ್ಕ ನನ್ನದು’ ಎಂದು ಹಾಕು. ಹಂಚಿಯೂ ಆಗಿದ್ದರೆ ಯಾರ್ಯಾರಿಗೆಂದು ಬರೆದಿಡು. ಭಾನುವಾರ ಬರುತ್ತೇನೆ, ಒಂದೊಂದೇ ಬಾಗಿಲು ಬಡಿಯುತ್ತೇನೆ.