ಅಗಲದ ಲೆನ್ಸು

ಮಾರ್ಚ್ ೧೧, ಮಂಗಳವಾರ

ನಾಳೆ ತಿಮಿಂಗಿಲದ ಫೋಟೋ ತೆಗೆಯಲು ಯಾವ ಲೆನ್ಸು ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದೆ. ಕಡಲೊಳಗೆ ದೂರ ನಿಂತರೆ ಮಬ್ಬು, ಹತ್ತಿರ ಹೋದರೆ ಉಬ್ಬು. ಪ್ರಾಸ ಸಿಕ್ಕಿತು, ಉತ್ತರ ಸಿಗಲಿಲ್ಲ.

ಅಗಲದ ಲೆನ್ಸು ಹಾಕಿದಾಗಲೆಲ್ಲ ಜೊತೆಗೆ ಈಜುವ ಅಕ್ಕನ ಕಾಲು ಚಿತ್ರದ ಮೂಲೆಯಲ್ಲಿ ಬೀಳುತ್ತಿತ್ತು, ನಾನು ಬೈಯುತ್ತಿದ್ದೆ. ಇವತ್ತು ಕಿವಿ ಡಾಕ್ಟರು, ಅವಳು ಇನ್ನು ನೀರಿಗಿಳಿಯುವಂತೆಯೇ ಇಲ್ಲ ಎಂದುಬಿಟ್ಟರು.

"ಅಗಲದ್ದೇ ಹಾಕ್ಕೊಳ್ಳೋ, ಇನ್ಮೇಲೆ ಅಡ್ಡಗಾಲು ಹಾಕೋರಿಲ್ಲ," ಎಂದಳು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ.

"ಸದ್ಯ, ಬದುಕಿದೆ ಕಣೇ ಅಕ್ಕ," ಎಂದೆ.

ಅಗಲದ್ದನ್ನೇ ಕೂರಿಸಿ ಕ್ಯಾಮೆರಾದ ಪೆಟ್ಟಿಗೆ ಮುಚ್ಚಿದೆ. ಬೇಸರವಾಗಬೇಕಿತ್ತು, ಆಗಲಿಲ್ಲ. ಆದರೆ ಈ ಲೆನ್ಸಿಗೆ ಪ್ರಾಣಿಯ ಮೈಗೆ ತಾಗುವಷ್ಟು ಹತ್ತಿರ ಹೋಗಬೇಕು. ಪ್ರತಿಸಲವೂ ನನ್ನ ಸೊಂಟದ ಬೆಲ್ಟು ಹಿಡಿದು ಹಿಂದಕ್ಕೆಳೆಯುತ್ತಿದ್ದವಳು ಅಕ್ಕ. ಎಲ್ಲಿ ನಿಲ್ಲಬೇಕೆಂಬುದನ್ನು ಇಷ್ಟು ವರ್ಷದಲ್ಲಿ ನಾನು ಕಲಿಯಲೇ ಇಲ್ಲ.