ನೆಲ ಉಜ್ಜುವ ಮುನ್ನ ಬೂಟು ಬಿಚ್ಚಿ

ಮಾನ್ಯ ಪರಂಪರೆ ಸಂರಕ್ಷಣಾಧಿಕಾರಿಗಳೇ,

ಮೊನ್ನೆ ಮಧ್ಯಾಹ್ನ ಉಂಡು ಅಡ್ಡಾಗಿದ್ದಾಗ ನೀವು ನನ್ನ ಕನಸಿಗೆ ಬಂದಿದ್ದಿರಿ. ಕೈಯಲ್ಲಿ ಮರ ಉಜ್ಜುವ ಯಂತ್ರವಿತ್ತು. "ಮುಖದ ತುಂಬ ಗೀರುಗಳಿವೆ, ಪ್ರವಾಸಿಗರಿಗೆ ಚೆನ್ನಾಗಿ ಕಾಣುವುದಿಲ್ಲ" ಎಂದು ನನ್ನ ಹಣೆ, ಕೆನ್ನೆ, ಮೂಗು ಎಲ್ಲವನ್ನೂ ಉಜ್ಜಿ, ಮೇಲೊಂದು ಕೈ ವಾರ್ನಿಷ್ ಬಳಿದು ಹೊರಟುಹೋದಿರಿ. ಮನೆಗೆ ಹೋದರೆ ನಮ್ಮ ಯಜಮಾನರು ಬಾಗಿಲು ತೆರೆದು, "ಯಾರು ಬೇಕಾಗಿತ್ತಮ್ಮ?" ಎಂದರು. ಎದ್ದು ಕೂತು ಮೊದಲು ಕನ್ನಡಿ ನೋಡಿಕೊಂಡೆ. ಕನಸು ತಾನೇ ಎಂದು ಸುಮ್ಮನಿರಬಹುದಿತ್ತು. ಆದರೆ ಮುಖ ಎಂದಿರುವಲ್ಲಿ ನೆಲ ಎಂದು ಹಾಕಿದರೆ ಇದೇ ಮಾತು ನಿಮ್ಮ ಕಚೇರಿಯ ಗೋಡೆಗೆ ಅಂಟಿಸಿದ ಕಾಮಗಾರಿ ಪಟ್ಟಿಯಲ್ಲೂ ಇದೆ. ಹದಿನೇಳನೇ ಬಾಬು: ಹಳೆಯ ಹಡಗು ಕಾರ್ಖಾನೆಯ ಮೇಲಂತಸ್ತಿನ ಮರದ ನೆಲದಲ್ಲಿರುವ ಗೀರುಗಳನ್ನು ಸಂಪೂರ್ಣ ಉಜ್ಜಿ ತೆಗೆದು ಹೊಳಪು ನೀಡುವುದು. ಸೋಮವಾರ ಶುರುವಂತೆ. ನಾನು ಐದನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳು. ತಪ್ಪು ಓದಿದೆನೇನೋ ಎಂಬ ಭಯಕ್ಕೆ ಬೆರಳಿಟ್ಟು ಮೂರು ಸಲ ಓದಿದೆ. ಮೂರು ಸಲವೂ ನೀವೇ ತಪ್ಪಿದ್ದಿರಿ.

ಅವು ಗೀರುಗಳಲ್ಲ ಸ್ವಾಮಿ, ಹಡಗುಗಳು. ಹಡಗು ಕಟ್ಟುವ ಮೊದಲು ಅದರ ಮೈಯ ಒಂದೊಂದು ಬಾಗು ಬಳುಕನ್ನೂ ನಿಜವಾದ ಅಳತೆಯಲ್ಲಿ, ಕಪ್ಪು ಬಳಿದ ಆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಸರಿಯಿದೆ ಎಂದು ಖಾತ್ರಿಯಾದ ಮೇಲೆ ಅಳಿಸಿಹೋಗದಂತೆ ಚೂರಿಯಿಂದ ಕೊರೆಯುತ್ತಿದ್ದರು. ಆ ಗೆರೆಯ ಮೇಲೆ ತೆಳ್ಳನೆಯ ಹಲಗೆಯಿಟ್ಟು ಅಚ್ಚು ಕತ್ತರಿಸಿದರೆ, ಕೆಳಗಿನ ಕುಲುಮೆಯವರು ಆ ಅಚ್ಚಿನಂತೆ ಉಕ್ಕನ್ನು ಬಗ್ಗಿಸುತ್ತಿದ್ದರು. ಬಡಗಿ ಮಾಡಿದ ಕುರ್ಚಿ ಪಕ್ಕದ ಮನೆಯಲ್ಲಾದರೂ ಕಾಣಸಿಗುತ್ತದೆ. ನಮ್ಮವರು ಎರಡು ವರ್ಷ ಬೆವರು ಸುರಿಸಿ ಕಟ್ಟಿದ್ದು ಒಂದು ಬೆಳಿಗ್ಗೆ ನೀರಿಗೆ ಜಾರಿ ಹೋದರೆ ಈ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೋದ ಹಡಗುಗಳೆಲ್ಲ ಉದ್ದಗಲಕ್ಕೆ ಉಳಿದಿರುವುದು ಆ ನೆಲದಲ್ಲಿ ಮಾತ್ರ. ಅದನ್ನು ಉಜ್ಜಿದ ಮೇಲೆ ಹದಿನೆಂಟನೇ ಬಾಬಿನ ಪ್ರಕಾರ ಅದೇ ಕೋಣೆಯ ಗೋಡೆಗೆ ಹಿತ್ತಾಳೆ ಫಲಕ: "ಇಲ್ಲಿ ಹಡಗುಗಳ ಗೆರೆಗಳನ್ನು ಕೊರೆಯಲಾಗುತ್ತಿತ್ತು." ಮೂಗು ಕೊಯ್ದು ಮೂಗುತಿ ತೊಡಿಸುವುದೆಂದರೆ ಇದೇ ಇರಬೇಕು.

ನಿಮ್ಮ ಉಳಿದ ಸಂರಕ್ಷಣೆಯನ್ನೂ ಕಣ್ಣಾರೆ ಕಂಡಿದ್ದೇನೆ. ದೊಡ್ಡ ಕ್ರೇನಿಗೆ ನೇರಳೆ ದೀಪ ಹಾಕಿಸಿದಿರಿ; ಈಗ ಅದು ಮುಪ್ಪಿನಲ್ಲಿ ಮದುವೆಗೆ ಹೊರಟವರಂತೆ ನಾಚಿ ನಿಂತಿದೆ. ಸರ್ಕಲ್ಲಿನಲ್ಲಿ ಲಂಗರು ನಿಲ್ಲಿಸಿದಿರಿ. ನಮ್ಮ ಕಾರ್ಖಾನೆ ಒಂದು ದಿನವೂ ಲಂಗರು ಮಾಡಿದ್ದಲ್ಲ, ಹೊರಗಿನಿಂದ ತರಿಸುತ್ತಿತ್ತು. ನೀವು ನಿಲ್ಲಿಸಿದ್ದು ಗುಜರಿಯಿಂದ ಬಂದದ್ದೆಂದು ಊರಿಗೆಲ್ಲ ಗೊತ್ತು. ಸೈರನ್ನಿನ ಕೆಳಗೆ "ಕಾರ್ಮಿಕರನ್ನು ಪ್ರೀತಿಯಿಂದ ಕರೆಯುತ್ತಿದ್ದ ದನಿ" ಎಂದು ಬರೆಸಿದಿರಿ. ಆ ಪ್ರೀತಿಗೆ ಒಂದು ನಿಮಿಷ ತಡವಾದರೆ ಗೇಟು ಮೂಗಿಗೆ ಬಡಿಯುತ್ತಿತ್ತು. ಇದಕ್ಕೆಲ್ಲ ನಾನು ತಕರಾರು ಮಾಡಿದೆನೇ? ನಕ್ಕು ಸುಮ್ಮನಾದೆ. ನೆಲದ ವಿಷಯಕ್ಕೆ ಮಾತ್ರ ನಗು ಬರುತ್ತಿಲ್ಲ.

ನಾನು ಆ ಕೋಣೆಯನ್ನು ಇಪ್ಪತ್ತಾರು ವರ್ಷ ಗುಡಿಸಿದವಳು. ಬೂಟು ಬಿಚ್ಚದೆ ಅಲ್ಲಿಗೆ ಯಾರೂ ಕಾಲಿಡುವಂತಿರಲಿಲ್ಲ. ದೊಡ್ಡ ಮ್ಯಾನೇಜರೂ ತೂತು ಬಿದ್ದ ಕಾಲುಚೀಲದಲ್ಲಿ ಹೆಬ್ಬೆರಳು ಮಡಚಿಕೊಂಡು ನಿಲ್ಲುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ತಳದ ಅಂಚು ಕಿತ್ತ ತಗಡಿನ ಬಕೆಟ್ಟನ್ನು ಎತ್ತಲಾರದೆ ಎಳೆದೆ. ಕಿರ್ರೆಂದದ್ದು ಕೇಳಿಸಿತು. ಹೆದರಿಕೆಗೆ ಬಾಯಿ ಬಿಡಲಿಲ್ಲ. ಮಾರನೆಯ ದಿನ ಅಚ್ಚು ಕತ್ತರಿಸುವವನು, ನೆಲದಲ್ಲಿದೆ ಎಂದಮೇಲೆ ಹಡಗೇ ಎಂದು ನಂಬಿ, ನನ್ನ ಬಕೆಟ್ಟು ಹೋದ ದಾರಿಯಲ್ಲೇ ಹಲಗೆ ಕತ್ತರಿಸಿದ. ಕುಲುಮೆಯವರು ಹಾಗೆಯೇ ಉಕ್ಕು ಬಗ್ಗಿಸಿದರು. ಎತ್ತಿ ನಿಲ್ಲಿಸಿದರೆ ಹಡಗಿನ ಮೂತಿಗೆ ಹಲ್ಲುನೋವು ಬಂದವರ ದವಡೆಯಂಥ ಊತ.

ಗೆರೆ ಹಾಕುವವರ ಮುಖ್ಯಸ್ಥರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಅವರು ಮೊಣಕಾಲೂರಿ ಗೆರೆಗಳ ಮೇಲೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಂತರು. ನನ್ನ ಅನ್ನ ಇವತ್ತಿಗೆ ಮುಗಿಯಿತು ಎಂದುಕೊಂಡೆ.

"ಇದು ನಿಂದೇನಮ್ಮ?"

"ಹೌದು ಮೇಷ್ಟ್ರೇ."

ಅವರು ಬೈಯಲಿಲ್ಲ. ಚೂರಿ ತೆಗೆದು, ಅದರ ಪಕ್ಕದಲ್ಲೇ ದುಂಡಗಿನ ಅಕ್ಷರದಲ್ಲಿ "ಇದು ಬಕೆಟ್ಟು" ಎಂದು ಕೊರೆದರು. "ಇನ್ಮೇಲೆ ಏನಾದ್ರೂ ಆದ್ರೆ ಬಂದು ಹೇಳ್ಬಿಡು. ಈ ನೆಲದ ಮೇಲೆ ಇರೋದನ್ನೆಲ್ಲ ಕೆಳಗಿನವರು ನಂಬ್ತಾರೆ ಕಣಮ್ಮ."

ಅಂದಿನಿಂದ ದಿನಕ್ಕೊಂದು ಗೆರೆಯಂತೆ, ಅದರ ಪಕ್ಕ ಕೊರೆದ ಹೆಸರು ಓದಿಸುತ್ತ, ನನಗೆ ಓದು ಹೇಳಿಕೊಟ್ಟರು. ಶಾಲೆ ಎರಡು ಸಲ ಕೈಬಿಟ್ಟವಳಿಗೆ ಅಕ್ಷರ ಹತ್ತಿದ್ದು ಹಾಗೆ. ಮೇಷ್ಟ್ರು ಈಗಿಲ್ಲ. ಅವರ ಕೈಬರಹ ಇರುವುದು ಅಲ್ಲಿ ಮಾತ್ರ.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಎರಡು ಸಲ ಬಂದೆ. ನಿಮ್ಮ ಗುಮಾಸ್ತರು, "ನೆಲ ಹೊಳೆದ್ರೆ ನಿಮಗ್ಯಾಕಜ್ಜಿ ಹೊಟ್ಟೆಯುರಿ?" ಎಂದರು. ಮಸಿ ಹತ್ತಿದೆ ಅಂತ ನೀವು ಪುಸ್ತಕ ತೊಳೀತೀರೇನಪ್ಪ ಎಂದು ಕೇಳಿದೆ. ಫೈಲು ಮೇಲೆ ಹೋಗಿದೆ ಎಂದರು. ಫೈಲಿಗೆ ಮೆಟ್ಟಿಲು ಹತ್ತುವುದು ಗೊತ್ತಿದೆ, ಇಳಿಯುವುದನ್ನು ಯಾರೂ ಕಲಿಸಿಲ್ಲವೇ? ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯಬೇಕಾಯಿತು.

ನನ್ನ ಬೇಡಿಕೆ ಇಷ್ಟೇ. ಸೋಮವಾರದ ಕೆಲಸ ನಿಲ್ಲಿಸಿ. ಒಂದು ಬೆಳಿಗ್ಗೆ, ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವ ಹೊತ್ತಿಗೆ, ನೀವೇ ಬಂದು ಬೂಟು ಬಿಚ್ಚಿ ಒಳಗೆ ಹೋಗಿ. ಕಾಲುಚೀಲ ತೂತಾಗಿದ್ದರೆ ಸಂಕೋಚ ಬೇಡ, ಆ ನೆಲ ಅದನ್ನೂ ಕಂಡಿದೆ. ಬಾಗಿಲಿನಿಂದ ಏಳನೇ ಹಲಗೆಯಲ್ಲಿ ಒಂದು ಗೀರು ಸಿಗುತ್ತದೆ. ಅದು ನಿಜವಾಗಿಯೂ ಗೀರೇ, ಪಕ್ಕದಲ್ಲಿ ಬರೆದೂ ಇದೆ. ಪಟ್ಟಿಯಲ್ಲಿ ಬಹಳ ಇವೆ ಎಂಬಂತೆ ಹಾಕಿದ್ದೀರಿ. ನಾನು ಇಪ್ಪತ್ತಾರು ವರ್ಷ ಗುಡಿಸಿದ ಲೆಕ್ಕಕ್ಕೆ ಅಲ್ಲಿರುವುದು ಅದೊಂದೇ. ಹೋದಾಗ ದಯವಿಟ್ಟು ಇನ್ನೊಮ್ಮೆ ಎಣಿಸಿ ನೋಡಿ.

ಇಂತಿ,
ಆ ಒಂದು ಗೀರಿನ ತಪ್ಪೊಪ್ಪಿಕೊಂಡವಳು